ಗೇರ್ ಬಾಕ್ಸಿನೊಳಗೊಂದು ಬಳೆ

ಎಲ್ಲವನ್ನೂ ಬಿಚ್ಚಿ, ತೊಳೆದು, ಒರೆಸಿ, ಒಂದೊಂದಾಗಿ ಮತ್ತೆ ಜೋಡಿಸುವ ಹೊತ್ತಿಗೆ ನಯೀಮನ ತಟ್ಟೆಯಲ್ಲಿ ಒಂದು ಬಳೆ ಉಳಿಯಿತು.

ಕೈಗೆ ಹಾಕುವ ಬಳೆಯಲ್ಲ. ಹೆಬ್ಬೆರಳು ತೂರುವಷ್ಟು ಅಗಲದ, ಗಟ್ಟಿ ಹಿತ್ತಾಳೆಯ, ಪಕ್ಕಕ್ಕೊಂದು ಸಣ್ಣ ಸ್ಕ್ರೂ ಇದ್ದ ಬಳೆ. ಡೀಸೆಲ್ಲಿನಲ್ಲಿ ತೊಳೆದ ಮೇಲೆ ಅದು, ಮದುವೆಮನೆಯಲ್ಲಿ ಯಾರ ಕಡೆಯವರೆಂದು ಗೊತ್ತಾಗದ ಅತಿಥಿಯ ಹಾಗೆ, ತಟ್ಟೆಯ ನಡುವೆ ಹೊಳೆಯುತ್ತ ಕೂತಿತ್ತು.

ಟ್ರ್ಯಾಕ್ಟರಿನ ಸಾಮಾನಾಗಿದ್ದರೆ ನಯೀಮ ಕಣ್ಣು ಮುಚ್ಚಿ ಹೇಳುತ್ತಿದ್ದ. ಜೀಪು, ಟಂಟಂ, ಗೂಡ್ಸ್ ಗಾಡಿ ಯಾವುದಾದರೂ ನಡೆಯುತ್ತಿತ್ತು. ಆದರೆ ಇದು ಬಂದದ್ದು ಸುರಪುರದ ಭಾಗಣ್ಣ ಸಾಹುಕಾರರ ಕೆಂಪು ಗಾಡಿಯಿಂದ.

ಆ ಗಾಡಿಯನ್ನು ಸುರಪುರದಿಂದ ಶಹಾಪುರದವರೆಗೆ ಅರಿಯದವರಿರಲಿಲ್ಲ. ಇಂಗ್ಲೆಂಡಿನಲ್ಲಿ ತಯಾರಾದ, ಇಬ್ಬರೇ ಕೂರಬಹುದಾದ, ಮೇಲೆ ಮುಚ್ಚಿಗೆಯಿಲ್ಲದ ರೇಸಿನ ಗಾಡಿ. ಸಾಹುಕಾರರ ತಂದೆ ಹತ್ತಿ ವ್ಯಾಪಾರ ಜೋರಾಗಿದ್ದ ಕಾಲದಲ್ಲಿ ಹೈದರಾಬಾದಿನ ಯಾವುದೋ ನವಾಬರ ಮನೆಯಿಂದ ತಂದದ್ದಂತೆ. ನೆಲಕ್ಕೆ ಅದು ಎಷ್ಟು ಹತ್ತಿರವೆಂದರೆ, ಒಳಗೆ ಕೂತವರು ಎದುರಿಗೆ ಬರುವ ಕುರಿಗಳ ಮುಖವನ್ನು ಸರಿಸಮನಾಗಿ ನೋಡಬೇಕಾಗುತ್ತಿತ್ತು. ನೋಡಲು ಚಿರತೆ, ಓಡಲು ಎಮ್ಮೆ. ರಸ್ತೆಯ ನಾಯಿಗಳು ಅದರ ಬೆನ್ನು ಹತ್ತುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅಂಥ ನಿಧಾನದ ಗಾಡಿಯನ್ನು ಅಟ್ಟಿಸಿಕೊಂಡು ಹೋಗುವುದು ತಮ್ಮ ಮರ್ಯಾದೆಗೆ ಕಡಿಮೆ ಎಂದುಕೊಂಡಿದ್ದವೋ ಏನೋ.

ಅಂದು ಬೆಳಿಗ್ಗೆ ಸಾಹುಕಾರರು ಬೀಗರಿಗೆ ಪೇಢೆ ಕೊಳ್ಳಲೆಂದು ಶಹಾಪುರಕ್ಕೆ ಬಂದಾಗ ಬಸ್ ಸ್ಟ್ಯಾಂಡಿನ ಮುಂದೆಯೇ ಗಾಡಿ ಮೂರನೆಯ ಗೇರಿನಲ್ಲಿ ಕಚ್ಚಿಕೊಂಡು ನಿಂತಿತು. ನಾಲ್ಕು ಜನ ತಳ್ಳಿಕೊಂಡು ಬಂದು ಗ್ಯಾರೇಜಿನ ಮುಂದೆ ಬಿಟ್ಟರು. ಸಾಹುಕಾರರು ಪೇಢೆ ಡಬ್ಬಿಗಳನ್ನು ಎದೆಗವಚಿಕೊಂಡು ಇಳಿದರು.

"ಹೊತ್ತು ಮುಳುಗೋದ್ರಾಗ ನಾ ಕೆಂಭಾವ್ಯಾಗ ಇರಬೇಕಪಾ," ಎಂದರು. "ಚೊಚ್ಚಲ ಬಸುರಿ ಮಗಳ ಕುಬಸ ಅದ. ಮನಿಯಾಕಿ ನಿನ್ನೇನೇ ಹೋಗ್ಯಾಳ. ನಾ ಬಸ್ಸಿನ್ಯಾಗ ಹೋಗಿ ಇಳಿದ್ರ ಬೀಗರ ಮುಂದ ನನ್ನ ಮೂಗು ಉಳಿಯಂಗಿಲ್ಲ."

ಊಟ ಮಾಡಿ, ಒಂದು ನಿದ್ದೆ ತೆಗೆದು ಬರುತ್ತೇನೆಂದು ಅವರು ಗೆಳೆಯರ ಮನೆಗೆ ಹೋದರು.

ಸಾಹುಕಾರರ ಮೂಗಿನ ಜೊತೆಗೆ ಅಂದು ನಯೀಮನ ಮೂಗೂ ಪಣಕ್ಕಿತ್ತು. ಗ್ಯಾರೇಜು ಅವನ ಉಸ್ತಾದ ಉಸ್ಮಾನಸಾಬರದು. ಗಂಡು ಮಕ್ಕಳಿಲ್ಲದ ಉಸ್ಮಾನಸಾಬರು ಕಣ್ಣಿನ ಆಪರೇಷನ್ನಿಗೆಂದು ರಾಯಚೂರಿಗೆ ಹೊರಡುವಾಗ, ಅಕ್ಕಪಕ್ಕದವರೆಲ್ಲ ಕೇಳುವ ಹಾಗೆ ಒಂದು ಮಾತು ಹೇಳಿದ್ದರು.

"ನಾ ಬರೋತನಕ ನಿನ್ನ ಕೈಯಾಗ ರಿಪೇರಿ ಆದ ಒಂದು ಗಾಡಿನೂ ತಿರುಗಿ ಬರಬಾರದು. ಬರಲಿಲ್ಲಂದ್ರ ಗ್ಯಾರೇಜಿನ ಚಾವಿ ನಿಂದು. ಬಂತಂದ್ರ ಮೊದಲಿನಂಗ ನನಗ ನಟ್ಟು ಬಿಚ್ಚೋ ಪಾನಾ ಎತ್ತಿಕೊಡಾವ ನೀ."

ಅಲ್ಲಿಂದ ಇಲ್ಲಿಯವರೆಗೆ ಒಂದು ಗಾಡಿಯೂ ತಿರುಗಿ ಬಂದಿರಲಿಲ್ಲ. ಬರುವುದು ಸಾಧ್ಯವೂ ಇರಲಿಲ್ಲ. ನಯೀಮ ನಟ್ಟು ಬಿಗಿದ ಮೇಲೆ ಬಿಗಿದೆನೋ ಇಲ್ಲವೋ ಎಂದು ಮತ್ತೆ ಬಿಗಿಯುವವನು. ಮನೆಯಲ್ಲಿ ಊಟಕ್ಕೆ ಕೂತವನು ಅನ್ನ ಕಲಸುತ್ತಲೇ ಎದ್ದು ಬಂದು, ಯಾರದೋ ಟ್ರ್ಯಾಲಿಯ ಚಕ್ರದ ಬೋಲ್ಟು ಮುಟ್ಟಿ ನೋಡಿ ಹೋಗುವವನು. ಅವನ ತಾಯಿ ಜೈತುನಬೀ ಇಂಥವನಿಗೆ ಹೆಣ್ಣು ಯಾರು ಕೊಡುತ್ತಾರೆ, ನಿಕಾಹಿನಲ್ಲಿ ಒಪ್ಪಿಗೆ ಎಂದ ಮೇಲೂ ಒಪ್ಪಿದೆನೋ ಇಲ್ಲವೋ ಎಂದು ಖಾಜಿಯನ್ನು ಕೇಳುತ್ತಾನೆ ಎಂದು ಚಿಂತೆ ಮಾಡುತ್ತಿದ್ದಳು.

ಉಸ್ತಾದರು ಅಂದೇ ಸಂಜೆಯ ಬಸ್ಸಿಗೆ ಬರುವವರಿದ್ದರು. ಅದೊಂದು ಹಗಲು ಕಳೆದರೆ ಸಾಕಿತ್ತು. ಆ ಹಗಲಿಗೇ ಈ ಬಳೆ ಬಂದು ವಕ್ಕರಿಸಿತ್ತು.

ಗಾಡಿಯ ಗೇರ್ ಬಾಕ್ಸು ಎರಡು ಸೀಟುಗಳ ನಡುವೆ ಇತ್ತು. ಸೀಟು ಕಿತ್ತು, ಮೇಲಿನ ಹೊದಿಕೆ ತೆಗೆದು, ಗೇರ್ ಹಿಡಿಕೆಯ ಸಮೇತ ಮುಚ್ಚಳ ಎತ್ತಿದಾಗ ಒಳಮೈಯಲ್ಲಿ ಮೂರು ಸರಳುಗಳು ಕಂಡವು. ಒಂದೊಂದು ಸರಳು ಮುಂದೆ ಜರುಗಿದರೆ ಒಂದು ಗೇರು, ಹಿಂದೆ ಜರುಗಿದರೆ ಇನ್ನೊಂದು. ಇಷ್ಟು ನಯೀಮನಿಗೆ ತಿಳಿದದ್ದೇ. ಮೂರನೆಯ ಗೇರಿಗೂ, ಜೋರು ಓಟದ ನಾಲ್ಕನೆಯ ಟಾಪ್ ಗೇರಿಗೂ ಸೇರಿದ ಸರಳಿನ ಮೇಲೆ ಈ ಬಳೆ ಇತ್ತು. ಅದರ ಸ್ಕ್ರೂ ಸಡಿಲಾಗಿ, ಬಳೆ ಜರುಗಿ ಬಂದು ಸಂದಿನಲ್ಲಿ ಸಿಕ್ಕಿಕೊಂಡಿತ್ತು. ಬಳೆ ತೆಗೆದ ಕೂಡಲೇ ಸರಳು ಬೆಣ್ಣೆಯಲ್ಲಿ ಜಾರಿದ ಹಾಗೆ ಜಾರಿತು. ರೋಗ ಗೊತ್ತಾಯಿತೆಂದು ನಯೀಮ ಒಂದು ಚಹಾ ಕುಡಿದ. ಚಹಾ ಮುಗಿಯುವುದರೊಳಗೆ ನಿಜವಾದ ರೋಗ ಶುರುವಾಯಿತು. ಜರುಗಿ ಬಂದದ್ದೇನೋ ಸರಿ, ಆದರೆ ಎಲ್ಲಿಂದ ಜರುಗಿತು? ಅದು ಇರಬೇಕಾದ ಜಾಗ ಯಾವುದು? ಅದಕ್ಕಿರುವ ಕೆಲಸವಾದರೂ ಏನು?

ಗೇರ್ ಬಾಕ್ಸಿನೊಳಗೆ ಹಿತ್ತಾಳೆಯ ಉಂಗುರಗಳಿರುತ್ತವೆ ಎಂದು ಅವನಿಗೆ ಗೊತ್ತಿತ್ತು. ಆದರೆ ಅವಕ್ಕೆ ಸುತ್ತಲೂ ಹಲ್ಲುಗಳಿರುತ್ತವೆ. ಇದು ಬೊಕ್ಕಬಾಯಿ.

ಅವನು ಬಳೆಯನ್ನು ಬೆಳಕಿಗೆ ಹಿಡಿದು ತಿರುಗಿಸುತ್ತಿದ್ದುದನ್ನು ಪಕ್ಕದ ಅಂಗಡಿಯ ಅಂಬಣ್ಣ ನೋಡಿದ. ಅಂಬಣ್ಣ ಪಂಪ್‌ಸೆಟ್ ಮೋಟರಿಗೆ ತಂತಿ ಸುತ್ತುವವನು. ಜಗತ್ತಿನ ಯಾವ ಯಂತ್ರವೂ ಕೊನೆಗೆ ಪಂಪ್‌ಸೆಟ್ಟೇ ಎಂದು ತಿಳಿದವನು.

"ಇದು ಬುಷ್ ತಮ್ಮಾ," ಎಂದ. "ಸರಳಿದ್ದಲ್ಲಿ ಬುಷ್ ಇರಲೇಬೇಕು. ಇದಿಲ್ದ ಗಾಡಿ ಹೊಡದ್ರ ಸರಳು ಕುಣದು ಕುಣದು, ದೋರನಹಳ್ಳಿ ಮುಟ್ಟೋದ್ರಾಗ ಗೇರ್ ಬಾಕ್ಸ್ ಜ್ವಾಳದ ಹಿಟ್ಟಾಗತದ."

ಹೇಗೆ ಕುಣಿಯುತ್ತದೆ ಎಂದು ತೋರಿಸಲು ಅವನು ಸರಳೊಂದನ್ನು ಹಿಡಿದು ಎಳೆದ. ಎಳೆಯಬೇಡ ಎಂದು ನಯೀಮ ಬಾಯಿ ತೆರೆಯುವುದರಲ್ಲಿ, ಸರಳನ್ನು ಹಿಡಿದಿಡುವ ಸಣ್ಣ ಗುಂಡೂ ಅದರ ಹಿಂದಿನ ಸ್ಪ್ರಿಂಗೂ ಬಂದೂಕಿನಿಂದ ಹೊರಟಂತೆ ಚಿಮ್ಮಿದವು. ಗುಂಡು ಅಂಗಳದ ಮಣ್ಣಿನಲ್ಲಿ ಮಾಯವಾಯಿತು. ಸ್ಪ್ರಿಂಗು ರಸ್ತೆಯ ಆಚೆ ಭೀಮಮ್ಮ ಮಿರ್ಚಿ ಭಜಿ ಕರಿಯುತ್ತಿದ್ದ ಬಾಣಲೆಗೆ ಹೋಗಿ ಬಿತ್ತು.

ನಯೀಮ ಓಡಿದ. ಭೀಮಮ್ಮ ಜಾಲರಿ ಸೌಟು ಹಿಡಿದುಕೊಂಡು ಎಣ್ಣೆಯನ್ನು ದಿಟ್ಟಿಸುತ್ತಿದ್ದಳು. ತನ್ನ ಮೂವತ್ತು ವರ್ಷದ ಭಜಿ ಜೀವನದಲ್ಲಿ ಇಂಥದ್ದು ಆಗಿರಲಿಲ್ಲ, ಗಿರಾಕಿ ಹಲ್ಲಿಗೆ ಸಿಕ್ಕರೆ ಯಾರು ಜವಾಬ್ದಾರರು ಎಂದು ಅವಳು ಕೇಳಿದಳು. ಮೊದಲ ಸೌಟಿಗೆ ಮೆಣಸಿನಕಾಯಿ ಬಂತು. ಎರಡನೆಯದಕ್ಕೂ ಮೆಣಸಿನಕಾಯಿ. ಮೂರನೆಯದರಲ್ಲಿ ಸ್ಪ್ರಿಂಗು ಬಂತು. ಹಿಟ್ಟು ಮೆತ್ತಿಕೊಂಡು ಹೊಂಬಣ್ಣಕ್ಕೆ ಹದವಾಗಿ ಕರಿದಿತ್ತು.

ಕಾದ ಎಣ್ಣೆಯಲ್ಲಿ ಅದರ ಬಿಗಿ ಹೋಗಿರಬಹುದೇ ಎಂಬುದು ನಯೀಮನ ಹೊಸ ಚಿಂತೆ. ಅವನು ಅದನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದ. ಇನ್ನೊಂದು ಸ್ಪ್ರಿಂಗಿನ ಜೊತೆ ಹೋಲಿಸಿ ನೋಡಿದ. ಸರಿ ಇದೆ ಎನ್ನಿಸಿತು. ಎನ್ನಿಸಿದ್ದು ಸರಿಯೇ ಎಂದು ಮತ್ತೆ ಒತ್ತಿದ.

ಗುಂಡನ್ನು ಹುಡುಕಿಕೊಟ್ಟವನು ಮೆಹಬೂಬ. ಅವನು ಮದುವೆ ಬ್ಯಾಂಡಿನವನು. ಹಾಳಾದ ಸ್ಪೀಕರಿನ ಅಯಸ್ಕಾಂತವನ್ನು ದಾರಕ್ಕೆ ಕಟ್ಟಿ ಅಂಗಳದ ತುಂಬ ಎಳೆದಾಡಿದ. ಗುಂಡು ಸಿಕ್ಕಿತು. ಜೊತೆಗೆ ಉಸ್ಮಾನಸಾಬರು ವರ್ಷಗಳಿಂದ ಕಳೆದುಕೊಂಡ ಅರ್ಧ ಡಬ್ಬಿ ನಟ್ಟುಗಳೂ ಸಿಕ್ಕವು. ಈ ಉಪಕಾರದ ಬಲದಿಂದ ಮೆಹಬೂಬನಿಗೂ ಬಳೆಯ ಬಗ್ಗೆ ಮಾತನಾಡುವ ಹಕ್ಕು ಬಂತು. ಅವನು ಅದನ್ನು ಉಗುರಿನಿಂದ ಮೀಟಿ, ಕಿವಿಗೆ ಹಿಡಿದು, ಇದು ಗಾಡಿಯದಲ್ಲವೇ ಅಲ್ಲ, ಕ್ಲಾರಿನೆಟ್ಟಿನ ಕೊರಳ ಪಟ್ಟಿ ಎಂದು ತೀರ್ಪು ಕೊಟ್ಟ. ಗೇರ್ ಬಾಕ್ಸಿನೊಳಗೆ ಕ್ಲಾರಿನೆಟ್ ಹೇಗೆ ಹೋಯಿತು ಎಂದು ಅಂಬಣ್ಣ ಕೇಳಿದ್ದಕ್ಕೆ, ನವಾಬರ ಗಾಡಿ, ಏನೇನು ಇಟ್ಟಿದ್ದರೋ ಯಾರಿಗೆ ಗೊತ್ತು ಎಂದ.

ಭೀಮಮ್ಮ ಭಜಿಯ ಒಲೆಯನ್ನು ಸಣ್ಣ ಮಾಡಿ ಬಂದು ತಾನೂ ನೋಡಿದಳು.

"ನೀವು ಗಂಡಸೂರು ಏನ್ ತಿಳೀತೀರಿ," ಎಂದಳು. "ಯಾವಾಕೋ ಮನಿ ಹೆಣ್ಮಗಳು ದೃಷ್ಟಿ ತಾಗಬಾರದಂತ ಕಟ್ಟಿಸ್ಯಾಳ. ಸುಮ್ನ ಇದ್ದಲ್ಲೇ ಇಡು ಮಗಾ."

ಇದ್ದದ್ದು ಎಲ್ಲಿ ಎಂಬುದೇ ಗೊತ್ತಿಲ್ಲವಲ್ಲ ಯವ್ವಾ ಎಂದು ನಯೀಮ ಅಳುಮುಖ ಮಾಡಿದ.

ಉಸ್ತಾದರಿಗೆ ಫೋನು ಮಾಡಿದರೆ ಅವರ ಮಗಳು ಅಂಬರೀನ ಎತ್ತಿದಳು. ಅಬ್ಬಾಗೆ ಯಾವ ಟೆನ್ಷನ್ನೂ ಕೊಡಬಾರದೆಂದು ಡಾಕ್ಟರು ಹೇಳಿದ್ದಾರೆ, ಗ್ಯಾರೇಜಿನ ಸುದ್ದಿಯಂತೂ ಕಿವಿಗೇ ಹಾಕಬಾರದು, ಸಂಜೆ ಬರುತ್ತಾರೆ, ಏನಿದ್ದರೂ ಆಗ ಕೇಳು ಎಂದಳು. ಒಂದೇ ಒಂದು ಬಳೆಯ ವಿಷಯ ಆಪಾ ಎಂದು ನಯೀಮ ಗೋಗರೆದ. ಬಳೆ ಕೊಳ್ಳುವುದಿದ್ದರೆ ನನ್ನನ್ನು ಕೇಳು, ಅಬ್ಬಾನನ್ನು ಯಾಕೆ ಎಂದು ಆಕೆ ಫೋನು ಇಟ್ಟಳು.

ಹೈದರಾಬಾದಿನ ಹಳೆ ಗಾಡಿಗಳ ಸಾಮಾನಿನ ಬಜಾರಿನಲ್ಲಿ ನಯೀಮನ ಚಿಕ್ಕಪ್ಪನ ಮಗ ಅತೀಕ ಇದ್ದ. ಅವನು ಎಲ್ಲೆಲ್ಲೋ ಹುಡುಕಿ ಆ ಗೇರ್ ಬಾಕ್ಸಿನ ಬಿಡಿಭಾಗಗಳ ಚಿತ್ರವನ್ನು ಫೋನಿಗೆ ಕಳಿಸಿದ. ಮೀನು ತಿಂದ ಮೇಲೆ ಉಳಿದ ಮುಳ್ಳುಗಳ ಹಾಗೆ ಎಲ್ಲವನ್ನೂ ಬಿಡಿಬಿಡಿಯಾಗಿ ಹರಡಿ ಬರೆದ ಚಿತ್ರ. ನಯೀಮ ಅದನ್ನು ದೊಡ್ಡದು ಮಾಡಿ, ಇಂಚಿಂಚು ಜರುಗಿಸಿ ನೋಡಿದ. ಸರಳುಗಳಿದ್ದವು, ಗುಂಡುಗಳಿದ್ದವು, ಭಜಿಯಾಗಿದ್ದ ಸ್ಪ್ರಿಂಗಿತ್ತು. ಬಳೆ ಮಾತ್ರ ಇರಲಿಲ್ಲ. ಪಕ್ಕದ ಸರಳಿನ ಮೇಲೆ ಉಕ್ಕಿನ ಕೊಳವೆಯೊಂದಿತ್ತು, ಆದರೆ ಅದು ಗಾಡಿಯಲ್ಲೂ ತನ್ನ ಜಾಗದಲ್ಲಿ ತಣ್ಣಗೆ ಕೂತಿತ್ತು. ಅಂದರೆ ಬಳೆ ಹೆಚ್ಚಿನದು. ಅಥವಾ ಚಿತ್ರ ಬೇರೆ ವರ್ಷದ ಗಾಡಿಯದು. ಅಥವಾ ಚಿತ್ರ ಬರೆದವನು ಮರೆತಿದ್ದ. ಮರೆಯುವುದು ಮನುಷ್ಯನಿಗೆ ಸಹಜ ಎಂದು ನಯೀಮನಿಗಿಂತ ಚೆನ್ನಾಗಿ ಬಲ್ಲವರು ಯಾರು?

ಅವನು ಸರಳನ್ನು ಎಣ್ಣೆ ಒರೆಸಿ, ಕಣ್ಣಿನ ಹತ್ತಿರ ಹಿಡಿದು ನೋಡಿದ. ಒಂದು ಕಡೆ ಸ್ಕ್ರೂ ಕಚ್ಚಿದ ಸಣ್ಣ ಗುರುತು ಕಂಡಿತು. ಜೀವ ಬಂದಂತಾಯಿತು. ಬಳೆಯನ್ನು ಆ ಗುರುತಿಗೆ ಕೂಡಿಸಿ ಬಿಗಿದ, ಮುಚ್ಚಳ ಹಾಕಿದ, ಗಾಡಿಯ ಹಿಂಭಾಗವನ್ನು ಜ್ಯಾಕಿನ ಮೇಲೆ ಎತ್ತಿ ಇಂಜಿನ್ ಶುರು ಮಾಡಿದ.

ಮೊದಲನೆಯ ಗೇರು ಹಾಕಿದರೆ ಚಕ್ರಗಳು ಹಿಂದಕ್ಕೆ ತಿರುಗಿದವು. ಟೈರಿಗೆ ಅಂಟಿದ್ದ ಕೆಸರು ಹೋಗಿ, ಅಂಬಣ್ಣ ವಾರ್ನಿಶ್ ಬಳಿದು ಬಿಸಿಲಿಗಿಟ್ಟ ಮೋಟರಿನ ಮೇಲೆ ಬಿತ್ತು. ಅಂಬಣ್ಣ ಮೋಟರನ್ನೂ ನಯೀಮನನ್ನೂ ಒಂದೊಂದು ಸಲ ನೋಡಿದ. ಅದು ಬೈಗುಳಕ್ಕಿಂತ ಹೆಚ್ಚಾಯಿತು. ಗಡಿಬಿಡಿಯಲ್ಲಿ ಗೇರ್ ಹಿಡಿಕೆಯ ಬುಡ ತಪ್ಪಾದ ಸರಳಿಗೆ ಕೂತಿತ್ತು. ಮತ್ತೆ ಬಿಚ್ಚಿದ. ಮತ್ತೆ ಕೂಡಿಸಿದ. ಈ ಸಲ ಒಂದು, ಎರಡು, ಮೂರು ಸರಿಯಾಗಿ ಬಿದ್ದವು. ಟಾಪ್ ಬೀಳಲಿಲ್ಲ. ಹಿಡಿಕೆ ಅರ್ಧ ದಾರಿಗೆ ಹೋಗಿ, ಗೋಡೆಗೆ ಬಡಿದ ಹಾಗೆ ನಿಲ್ಲುತ್ತಿತ್ತು.

ಮತ್ತೆ ಬಿಚ್ಚಿ, ಬಳೆಯನ್ನು ತೆಗೆದು ತಟ್ಟೆಗೆ ಹಾಕಿ, ಮುಚ್ಚಳ ಹಾಕಿ ನೋಡಿದ. ನಾಲ್ಕೂ ಗೇರು ಬಿದ್ದವು. ಟಾಪು ಎಷ್ಟು ಮೆತ್ತಗೆ ಬಿತ್ತೆಂದರೆ, ಬಿತ್ತೋ ಇಲ್ಲವೋ ಎಂದು ನಯೀಮ ಎರಡು ಸಲ ತೆಗೆದು ಹಾಕಿದ.

ಸರಳಿನ ಮೇಲೆ ಬೇರೆ ಎಲ್ಲಿಟ್ಟರೂ ಅದು ಒಂದಲ್ಲ ಒಂದು ಗೇರನ್ನು ತಡೆಯುತ್ತಿತ್ತು. ಸ್ಕ್ರೂ ಗುರುತು ನೋಡಿದರೆ ಇಲ್ಲೇ ಇಡು ಎನ್ನುತ್ತದೆ. ಇಟ್ಟರೆ ಟಾಪ್ ಇಲ್ಲ. ಅಷ್ಟು ದೂರದ ದೇಶದಲ್ಲಿ ಓದಿದ ಇಂಜಿನಿಯರುಗಳು ಕೂತು ನಾಲ್ಕು ಗೇರು ಮಾಡಿ, ಒಂದು ಬೀಳದ ಹಾಗೆ ಬಳೆ ತೊಡಿಸುತ್ತಾರೆಯೇ? ಯಾವ ಬುದ್ಧಿವಂತ ಅಂಥ ಕೆಲಸ ಮಾಡುತ್ತಾನೆ? ಬುದ್ಧಿ ಇದು ಬೇಡದ ಸಾಮಾನು ಎನ್ನುತ್ತಿತ್ತು. ಬಿಚ್ಚಿದ್ದು ಹೊರಗುಳಿಯಬಾರದೆಂದು ಉಸ್ತಾದರ ಪಾಠ ಹೇಳುತ್ತಿತ್ತು. ಬಳೆ ಒಳಗಿದ್ದರೆ ಗಾಡಿ ಅರ್ಧ ರಿಪೇರಿ, ತಿರುಗಿ ಬರುತ್ತದೆ. ಹೊರಗಿದ್ದು ಗೇರ್ ಬಾಕ್ಸ್ ಹಿಟ್ಟಾದರೆ ಎತ್ತಿನ ಬಂಡಿಯ ಮೇಲೆ ತಿರುಗಿ ಬರುತ್ತದೆ. ಹೇಗೆ ನೋಡಿದರೂ ಚಾವಿ ಕೈ ಬಿಡುವ ಲೆಕ್ಕವೇ.

ಅವನು ಬಳೆಯನ್ನು ಒಳಗೆ ಹಾಕುವುದೇ ಸರಿ ಎಂದು ಪಾನಾ ಎತ್ತಿಕೊಂಡಾಗ ಬೆನ್ನ ಹಿಂದೆ ಕೆಮ್ಮು ಕೇಳಿಸಿತು.

ಸಾಹುಕಾರರು ಬಂದು ನಿಂತಿದ್ದರು. ಬಿಳಿ ಧೋತರ, ಇಸ್ತ್ರಿ ಮಾಡಿದ ಅಂಗಿ, ತಲೆಗೆ ಹೊಸ ಟೋಪಿ, ಕಂಕುಳಲ್ಲಿ ಪೇಢೆ ಡಬ್ಬಿ. ಅವರಿಗೆ ನಿದ್ದೆ ಬಂದಿರಲಿಲ್ಲವಂತೆ.

ಬೇರೆ ಮೆಕ್ಯಾನಿಕ್ ಆಗಿದ್ದರೆ ಬಳೆಯನ್ನು ಕಿಸೆಗೆ ಹಾಕಿಕೊಂಡು ಆಯ್ತು ನಡೀರಿ ಎನ್ನುತ್ತಿದ್ದ. ನಯೀಮ ತಟ್ಟೆಯನ್ನು ಎರಡೂ ಕೈಯ್ಯಲ್ಲಿ ಎತ್ತಿ, ಎಡೆ ಇಟ್ಟಂತೆ ಅವರ ಮುಂದೆ ಹಿಡಿದ.

"ಸಾವ್ಕಾರ್ರ, ಇದೊಂದು ಉಳದದ್ರಿ. ಎಲ್ಲಿದು ಅಂತ ನನಗ ತಿಳೀವಲ್ದು."

"ಇದಿಲ್ದ ಗಾಡಿ ಓಡತದೇನು?"

"ಓಡತದ್ರಿ. ಇದು ಒಳಗಿದ್ರ ಟಾಪ್ ಬೀಳಂಗಿಲ್ರಿ. ತಗದ್ರ ಬೀಳತದ್ರಿ."

ಸಾಹುಕಾರರು ಪೇಢೆ ಡಬ್ಬಿಯನ್ನು ಒಂದು ಕಂಕುಳಿನಿಂದ ಇನ್ನೊಂದಕ್ಕೆ ಬದಲಾಯಿಸಿದರು. ಆಮೇಲೆ ಬಹಳ ಮೆಲ್ಲಗೆ ಕೇಳಿದರು.

"ಏನ್ ಬೀಳತದ ಅಂದಿ?"

"ಟಾಪ್ ರೀ."

"ನನ್ನ ಗಾಡಿಗೆ ಟಾಪ್ ಇಲ್ಲಪಾ. ಅದು ಸತ್ತು ಎಷ್ಟೋ ವರ್ಷ ಆತು. ಅದರ ಸಾಮಾನ ವಿಲಾಯತ್ಯಾಗೂ ಸಿಗಂಗಿಲ್ಲಂತ ನಿಮ್ಮ ಉಸ್ತಾದನೇ ನನ್ನ ಮುಂದ ಹೇಳ್ಯಾನ."

ನಯೀಮನ ಎದೆ ಮೊದಲು ಹಿಗ್ಗಿತು, ಕೂಡಲೇ ಕುಗ್ಗಿತು. ಉಸ್ತಾದರಿಗೇ ಆಗದ ಕೆಲಸ ತನ್ನಿಂದ ಆಗಿತ್ತು. ಉಸ್ತಾದರಿಗೇ ಆಗದ ಕೆಲಸ ತನ್ನಿಂದ ಆಗುವುದು ಹೇಗೆ ಸಾಧ್ಯ? ಎಲ್ಲೋ ಏನೋ ತಪ್ಪಿರಬೇಕು. ಇನ್ನೊಮ್ಮೆ ಬಿಚ್ಚಿ ನೋಡುತ್ತೇನೆ ಎಂದ. ಸಾಹುಕಾರರು ಕೇಳಲಿಲ್ಲ. ಸೀಟು ಕೂಡಿಸು, ನೀನೂ ಕೂಡು, ಒಂದು ಸುತ್ತು ನೋಡೋಣ ಎಂದು ಆಗಲೇ ಧೋತರ ಎತ್ತಿಕಟ್ಟಿದ್ದರು.

ದೋರನಹಳ್ಳಿಯ ಕಡೆ ಊರು ದಾಟಿದ ಮೇಲೆ ರಸ್ತೆ ನೆಟ್ಟಗೆ ಸಿಗುತ್ತದೆ. ಅಲ್ಲಿಯವರೆಗೆ ಸಾಹುಕಾರರು ಎಂದಿನಂತೆ ಮೂರರಲ್ಲಿ, ಇಂಜಿನ್ ಕೂಗಿಸುತ್ತ, ಸೈಕಲ್ಲಿನವರಿಗೆ ದಾರಿ ಬಿಡುತ್ತ ಹೋದರು. ನಯೀಮ ಕಿವಿಯನ್ನು ಗೇರ್ ಬಾಕ್ಸಿನ ಕಡೆ ಬಾಗಿಸಿ, ಹಿಟ್ಟಾಗುವ ಸದ್ದು ಬರುತ್ತದೆಯೇ ಎಂದು ಕಾಯುತ್ತಿದ್ದ. ಆಗ ಸಾಹುಕಾರರು ಕ್ಲಚ್ ಒತ್ತಿ, ಬಿಸಮಿಲ್ಲಾ ಅನ್ನಪಾ ನೀನೂ ಎಂದು, ಹಿಡಿಕೆಯನ್ನು ಹಿಂದಕ್ಕೆ ಎಳೆದರು.

ಗಾಡಿ ಒಂದು ಕ್ಷಣ ಕೂಗುವುದನ್ನು ನಿಲ್ಲಿಸಿತು, ಉಸಿರು ಎಳೆದುಕೊಂಡಂತೆ. ಆಮೇಲೆ ರಸ್ತೆ ಅವರ ಕಡೆಗೆ ಓಡಿ ಬರತೊಡಗಿತು. ಹೊಲಗಳಲ್ಲಿ ಹತ್ತಿ ಬಿಡಿಸುತ್ತಿದ್ದವರು ನೆಟ್ಟಗಾಗಿ ನಿಂತು, ನಿಂತದ್ದು ಕಾಣುವುದರೊಳಗೆ ಹಿಂದೆ ಹೋದರು. ಸಾಹುಕಾರರ ಹೊಸ ಟೋಪಿ ಹಾರಿತು. ಯಾದಗಿರಿ ಬಸ್ಸೊಂದು ಮುಂದೆ ಕಂಡದ್ದು, ಪಕ್ಕಕ್ಕೆ ಬಂದದ್ದು, ಇಲ್ಲವಾದದ್ದು ಎಲ್ಲ ಒಟ್ಟಿಗೇ ಆಯಿತು. ವರ್ಷಗಳಿಂದ ಸುಮ್ಮನಿದ್ದ ನಾಯಿಗಳು ದೋರನಹಳ್ಳಿಯ ಅಗಸಿ ಬಾಗಿಲಲ್ಲಿ ಎದ್ದು ನಿಂತವು, ಓಡಿದವು, ಸೋತವು. ನಯೀಮ ಬಾಯಿಗೆ ಬಂದ ದುವಾಗಳನ್ನೆಲ್ಲ ಓದಿದ. ನಿಧಾನ ಮಾಡ್ರಿ ಎಂದು ಅವನು ಅಂದದ್ದನ್ನು ಗಾಳಿ ಹಿಂದಿನ ಹೊಲದಲ್ಲಿ ಬೀಳಿಸಿತು.

ಗ್ಯಾರೇಜಿಗೆ ಮರಳಿದಾಗ ಸಾಹುಕಾರರ ಕೂದಲು ಜೋಳದ ತೆನೆಯ ಹಾಗೆ ನೆಟ್ಟಗೆ ನಿಂತಿತ್ತು, ಕಣ್ಣಲ್ಲಿ ನೀರಿತ್ತು. ಗಾಳಿಯ ನೀರೋ ಸಂತೋಷದ್ದೋ ಹೇಳುವುದು ಕಷ್ಟ. ನಯೀಮನ ಬೆನ್ನು ತಟ್ಟಿ, ಉಸ್ಮಾನ ಬಂದರೆ ನಾನೇ ಹೇಳುತ್ತೇನೆ, ಇಂಥ ಕೈ ಈ ಜಿಲ್ಲೆಯಲ್ಲೇ ಇಲ್ಲ ಎಂದು ಹೊಗಳಿ, ನೀನು ಇಳಿ ಎಂದು ಇಳಿಸಿ, ಕೆಂಭಾವಿಯ ದಾರಿ ಹಿಡಿದರು. ಬಳೆ ತಟ್ಟೆಯಲ್ಲೇ ಇತ್ತು.

ನಯೀಮ ಕೈ ತೊಳೆದ. ಭೀಮಮ್ಮ ಪುಕ್ಕಟೆ ಭಜಿ ಕೊಟ್ಟಳು. ಅಂಬಣ್ಣ ಬುಷ್ ಮಾತನ್ನು ಮರೆತು, ನಾ ಮೊದಲೇ ಹೇಳಿದ್ನಲ್ಲ ತಮ್ಮಾ, ನೀ ಗಟ್ಟಿ ಅಂತ ಎಂದ. ಭಜಿ ತಿನ್ನುತ್ತ ನಯೀಮ ಗ್ಯಾರೇಜನ್ನು ಮೊದಲ ಸಲ ಮಾಲೀಕನ ಕಣ್ಣಿನಿಂದ ನೋಡಿದ. ಒಂದೊಂದು ಗಳಿಗೆಗೂ ಕೆಂಭಾವಿ ರಸ್ತೆಯ ಕಡೆ ಕಿವಿ ಹೋಗುತ್ತಿತ್ತು. ಎತ್ತಿನ ಬಂಡಿಯ ಸದ್ದು ಬಂದಾಗಲೆಲ್ಲ ಎದ್ದು ಹೋಗಿ ನೋಡುತ್ತಿದ್ದ. ಯಾವ ಬಂಡಿಯ ಮೇಲೂ ಕೆಂಪು ಗಾಡಿ ಇರಲಿಲ್ಲ.

ಬಿಸಿಲಿನ ಕಾವು ಇಳಿದ ಮೇಲೆ ಆಟೋದಲ್ಲಿ ಉಸ್ಮಾನಸಾಬರು ಬಂದರು. ಕಣ್ಣಿಗೆ ಕಪ್ಪು ಕನ್ನಡಕ. ಅಂಬರೀನ ಕೈ ಹಿಡಿದು ಇಳಿಸಿದಳು. ಸಲಾಮು ಮುಗಿದ ಕೂಡಲೇ ಅವರು ಕೇಳಿದ್ದು ಒಂದೇ ಪ್ರಶ್ನೆ, ಎಷ್ಟು ಗಾಡಿ ತಿರುಗಿ ಬಂದವು. ಒಂದೂ ಇಲ್ಲ ಎಂದು ನಯೀಮನಿಗಿಂತ ಮೊದಲು ಮೆಹಬೂಬ, ಅಂಬಣ್ಣ, ಭೀಮಮ್ಮ ಮೂವರೂ ಸಾಕ್ಷಿ ಹೇಳಿದರು. ಉಸ್ಮಾನಸಾಬರು ಸ್ವಲ್ಪ ಹೊತ್ತು ತಲೆಯಾಡಿಸಿ, ಶೆರವಾನಿಯ ಒಳಕಿಸೆಯಿಂದ ಗ್ಯಾರೇಜಿನ ತಮ್ಮ ಚಾವಿ ತೆಗೆದು, ತಡಕಿ ನಯೀಮನ ಅಂಗೈ ಹುಡುಕಿ, ಅದರಲ್ಲಿಟ್ಟರು.

ಕಥೆ ಅಲ್ಲಿಗೇ ಮುಗಿಯಬಹುದಿತ್ತು. ಆದರೆ ನಯೀಮ ನಯೀಮನೇ. ಚಾವಿ ಸಿಕ್ಕ ಕೈ ತಣ್ಣಗಾಗುವ ಮೊದಲೇ ಇನ್ನೊಂದು ಕೈಯ್ಯಿಂದ ಬಳೆ ತೆಗೆದು ಉಸ್ತಾದರ ಕೈಯ್ಯಲ್ಲಿಟ್ಟ.

"ಉಸ್ತಾದ, ಇದೊಂದು ಹೊರಗ ಉಳದದ."

ಉಸ್ಮಾನಸಾಬರು ಹೆಬ್ಬೆರಳನ್ನು ಬಳೆಯೊಳಗೆ ತೂರಿಸಿ ಒಂದು ಸುತ್ತು ತಿರುಗಿಸಿದರು. ಆಮೇಲೆ ಹಿಂದೆ ಏನಾದರೂ ಇದೆಯೋ ಇಲ್ಲವೋ ನೋಡದೆ ಕೂತರು. ಪುಣ್ಯಕ್ಕೆ ಹಳೆ ಟೈರಿತ್ತು.

"ಭಾಗಣ್ಣ ಸಾವ್ಕಾರಂದು," ಎಂದರು. ಕೇಳಲಿಲ್ಲ, ಹೇಳಿದರು. "ಗಾಡಿ ಎಲ್ಲದ?"

"ಕೆಂಭಾವಿಗೆ ಹೋಗ್ಯದ್ರಿ. ಟಾಪ್ ಗೇರಿನ್ಯಾಗ." ನಯೀಮನ ದನಿಯಲ್ಲಿ ಇನ್ನೂ ಸ್ವಲ್ಪ ಹೆಮ್ಮೆ ಉಳಿದಿತ್ತು.

"ಇದು ವಿಲಾಯತಿದಲ್ಲ ಬೇಟಾ. ಲೇತ್ ಮಷೀನಿನ ಮ್ಯಾಲೆ ನಾನೇ ಕಡದದ್ದು."

ಆಮೇಲೆ ಅವರು ಹೇಳಿದ್ದು ಇಷ್ಟು. ಬಹಳ ವರ್ಷಗಳ ಹಿಂದೆ ಭಾಗಣ್ಣ ಸಾಹುಕಾರರು ಅದೇ ಗಾಡಿಯನ್ನು ಟಾಪ್ ಗೇರಿನಲ್ಲಿ ಬೋನಾಳ ಕೆರೆಯ ಏರಿಯ ಮೇಲೆ ಓಡಿಸಿ, ತಿರುವು ಬಂದರೂ ತಿರುಗದೆ, ನೆಟ್ಟಗೆ ಕೆರೆಗೆ ಇಳಿಸಿದ್ದರು. ಹಕ್ಕಿಗಳೆಲ್ಲ ಎದ್ದು ಆಕಾಶ ಕಪ್ಪಾಯಿತಂತೆ. ಕುತ್ತಿಗೆವರೆಗಿನ ನೀರಿನಲ್ಲಿ ಸ್ಟೇರಿಂಗ್ ಹಿಡಿದುಕೊಂಡೇ ಕೂತಿದ್ದ ಸಾಹುಕಾರರನ್ನು ಎತ್ತು ಕಟ್ಟಿ ಎಳೆದು ತೆಗೆದರು. ಮರುದಿನ ಅವರ ಹೆಂಡತಿ ಶರಣಮ್ಮ ತಾನೇ ಈ ಗ್ಯಾರೇಜಿಗೆ ಬಂದಳು. ಗಾಡಿ ಮಾರಿರೆಂದರೆ ಮಾರುವುದಿಲ್ಲ, ಜೋರು ಹೊಡೆಯಬೇಡಿರೆಂದರೆ ಕೇಳುವುದಿಲ್ಲ ಎಂದು ದೂರಿದಳು. ಸೆರಗಿನಿಂದ ತವರುಮನೆಯ ಹಿತ್ತಾಳೆ ಕುಟ್ಟಾಣಿಯ ಗುಂಡನ್ನು ತೆಗೆದು, ಇದರಿಂದ ಏನಾದರೂ ಮಾಡಿ ಆ ಹಾಳು ಗೇರು ಬೀಳದ ಹಾಗೆ ಮಾಡಿಕೊಡಿ ಭಾಯಿ ಎಂದಳು.

"ಕೊಳ್ಳಾಗಿರೋದು ಒಂದು ತಾಳಿ, ಗೇರ್ ಬಾಕ್ಸಿನ್ಯಾಗಿರೋದು ಇನ್ನೊಂದು ತಾಳಿ ಅಂತಾಳ ಆ ತಾಯಿ," ಎಂದು ಉಸ್ಮಾನಸಾಬರು ಬಳೆಯನ್ನು ಎತ್ತಿ ಹಿಡಿದರು. "ನೀ ಅದನ್ನ ಡೀಸೆಲ್ಲಿನ್ಯಾಗ ತೊಳದಿ."

ರಸ್ತೆಯ ಆಚೆ ಭೀಮಮ್ಮನ ಬಾಣಲೆ ಸುಯ್ಯೆನ್ನುತ್ತಿತ್ತು. ಅಷ್ಟರಲ್ಲಿ ಉಸ್ಮಾನಸಾಬರ ಫೋನು ಬಡಿದುಕೊಂಡಿತು. ಅಂಬರೀನ ನೋಡಿ, ಕೆಂಭಾವಿಯಿಂದ ಶರಣಮ್ಮನೋರು ಎಂದು ಸ್ಪೀಕರಿಗೆ ಹಾಕಿ ಹಿಡಿದಳು.

ಶರಣಮ್ಮನ ದನಿ ಬಹಳ ಶಾಂತವಾಗಿತ್ತು. ಮೊದಲು ಕಣ್ಣು ಹೇಗಿವೆ ಎಂದು ವಿಚಾರಿಸಿದಳು, ಹನಿ ಔಷಧಿ ತಪ್ಪಿಸಬೇಡಿ ಎಂದಳು. ಆಮೇಲೆ, ತಮ್ಮ ಯಜಮಾನರು ಕುಬಸಕ್ಕೆ ಬಂದರೆಂದೂ, ಬರುವಾಗ ಬೀಗರ ಮನೆಯ ಹಂದರದ ಒಂದು ಗಳವನ್ನೂ ಗಾಡಿಯ ಮುಂದೆ ಸಿಕ್ಕಿಸಿ ತಂದರೆಂದೂ, ಪೇಢೆಗಳು ಗಾಳಿಗೆ ಹಾರಿ ಹಿಂದಿನ ಊರುಗಳಲ್ಲಿ ಹಂಚಿಹೋದವೆಂದೂ ತಿಳಿಸಿದಳು.

"ಬಳಿ ತಗದಾವ ಯಾರು ಭಾಯಿ?"

ಉಸ್ಮಾನಸಾಬರು ಕಪ್ಪು ಕನ್ನಡಕವನ್ನು ನಯೀಮನ ಕಡೆ ತಿರುಗಿಸಿದರು.

"ಹೇಳಬ್ಯಾಡ್ರಿ. ಅವನ್ನ ಬೀಗರಿಗೆಲ್ಲ ತೋರಸ್ತೀನಂತ ಕರಕೊಂಡು ಬರಾಕ ಹೊಂಟಾರ ಇವ್ರು. ಆಗಲೇ ನಿಮ್ಮೂರಿಗೆ ಬಂದಿರಬೇಕು. ಬರ್ಲಿ. ನನಗೂ ಅವನ್ನ ನೋಡಬೇಕಾಗ್ಯದ."

ಫೋನು ಇಟ್ಟ ಸದ್ದೂ ಹಾರನ್ನಿನ ಸದ್ದೂ ಒಟ್ಟಿಗೆ ಕೇಳಿದವು. ಕೆಂಪು ಗಾಡಿ ಧೂಳೆಬ್ಬಿಸುತ್ತ ಬಂದು ಗ್ಯಾರೇಜಿನ ಮುಂದೆ ನಿಂತಿತು. ಮುಂದಿನ ದೀಪಕ್ಕೆ ಹಂದರದ ಮಾವಿನ ತೋರಣ ಸಿಕ್ಕಿಕೊಂಡಿತ್ತು.

ಉಸ್ಮಾನಸಾಬರು ಎದ್ದು, ಸಾವ್ಕಾರ್ರ, ಗಾಡಿ ಇವತ್ತಿಗೆ ಇಲ್ಲೇ ಬಿಡ್ರಿ, ಆಯಿಲ್ ಒಂದು ನೋಡಬೇಕು ಎಂದು ಬಹಳ ಸಹಜವಾಗಿ ಹೇಳಲು ನೋಡಿದರು. ಸಾಹುಕಾರರು ನಕ್ಕರು. ಇನ್ನು ಈ ಗಾಡಿಗೆ ಯಾವ ಮಗನೂ ಪಾನಾ ಹಚ್ಚಬಾರದು, ನೀನೂ ಸೇರಿ ಉಸ್ಮಾನ, ಎಷ್ಟು ವರ್ಷ ನಿನ್ನ ಕೈಯ್ಯಲ್ಲಿಟ್ಟು ಟಾಪ್ ಸತ್ತಿದೆ ಎಂದು ನಂಬಿ ಕೂತಿದ್ದೆ, ಹುಡುಗ ಒಂದು ದಿನದಲ್ಲಿ ಬದುಕಿಸಿದ ಎಂದರು. ನಯೀಮ ನಿಜ ಹೇಳಿಬಿಡೋಣವೆಂದು ಬಾಯಿ ತೆರೆದ. ಉಸ್ತಾದರ ಕೈ ಅವನ ಭುಜದ ಮೇಲೆ ಬಂದು, ನಟ್ಟು ಬಿಗಿದ ಹಾಗೆ ಬಿಗಿಯಿತು. ನಿಜ ಹೇಳಿದರೆ ಉಸ್ತಾದರು ಇಷ್ಟು ವರ್ಷ ಹೇಳಿದ ಸುಳ್ಳು ಹೊರಗೆ, ಶರಣಮ್ಮನ ಸಂಸಾರ ಬೀದಿಗೆ. ಅವನು ಬಾಯಿ ಮುಚ್ಚಿದ.

"ಹತ್ತು, ಹತ್ತು," ಎಂದರು ಸಾಹುಕಾರರು. "ಬೀಗರು ಕಾಯಾಕತ್ತಾರ."

ನಯೀಮ ಹತ್ತುವ ಮೊದಲು ಉಸ್ಮಾನಸಾಬರು ಅಂಗೈ ಚಾಚಿದರು. ನಯೀಮನಿಗೆ ಅರ್ಥವಾಗಲಿಲ್ಲ.

"ಚಾವಿ," ಎಂದರು.

"ಗಾಡ್ಯಾಗ ಏನೂ ತಪ್ಪಿಲ್ಲಲ್ರಿ ಉಸ್ತಾದ."

"ತಪ್ಪಿನ ಮಾತು ನಾ ಎಲ್ಲಿ ಆಡಿದ್ದೆ? ತಿರುಗಿ ಬರಬಾರದು ಅಂದಿದ್ದೆ. ಬಂದದಲ್ಲ."

ಅಂಬಣ್ಣ, ಮೆಹಬೂಬ, ಭೀಮಮ್ಮ ಮೂವರೂ ಗಾಡಿಯನ್ನು ನೋಡಿದರು. ಬಂದಿತ್ತು, ಇಲ್ಲವೆನ್ನುವ ಹಾಗಿರಲಿಲ್ಲ. ಚಾವಿ ಒಳಕಿಸೆಗೆ ಮರಳಿತು.

ಸಾಹುಕಾರರ ಕಣ್ಣು ಉಸ್ಮಾನಸಾಬರ ಇನ್ನೊಂದು ಕೈಯ್ಯ ಮೇಲೆ ಬಿತ್ತು. ಹೆಬ್ಬೆರಳಿನಲ್ಲಿ ಹಿತ್ತಾಳೆ ಬಳೆ ಸಂಜೆಯ ಬಿಸಿಲಿಗೆ ಮಿನುಗುತ್ತಿತ್ತು.

"ನನ್ನ ಟಾಪ್ ತಿಂದ ಪೀಡೆ ಇದೇ ಅಲ್ಲೇನು? ಕೊಡಿಲ್ಲಿ. ಮನಿಯಾಕಿಗೆ ತೋರಸ್ತೀನಿ. ನೋಡಿ ಆಕಿನೂ ಖುಷಿ ಆಗ್ಲಿ."

ಉಸ್ಮಾನಸಾಬರು ಕೊಡದೆ ಇರುವ ಕಾರಣವೊಂದನ್ನು ಹುಡುಕಿದರು, ಸಿಗಲಿಲ್ಲ. ಬಳೆ ಸಾಹುಕಾರರ ಕೈಗೆ ಹೋಗಿ, ಅಲ್ಲಿಂದ ಪಕ್ಕದ ಸೀಟಿನಲ್ಲಿ ಕೂತ ನಯೀಮನ ಕೈಗೆ ಬಂತು.

"ಭದ್ರ ಹಿಡ್ಕೋ," ಎಂದು ಸಾಹುಕಾರರು ಗೇರು ಹಾಕಿದರು.

ನಯೀಮ ಬಳೆಯನ್ನು ಎರಡೂ ಕೈಯ್ಯಲ್ಲಿ ಹಿಡಿದುಕೊಂಡ. ಆ ಗಾಡಿಯಲ್ಲಿ ಹಿಡಿದುಕೊಳ್ಳಲು ಬೇರೇನೂ ಇರಲಿಲ್ಲ.